ಫೈರ್ ಇಂಜಿನ್ ಹೊರಡುತ್ತಿದ್ದ ಬಾಗಿಲಲ್ಲಿ ಈಗ ಹೋಟೆಲ್

ಪ್ರೀತಿಯ ಸತೀಶ,

ನಿನ್ನ ಸಮ್ಮೇಳನ ಡೆಟ್ರಾಯಿಟ್‌ನಲ್ಲೇ ಅಂತ ಓದಿ ಖುಷಿಯಾಯಿತು. ಆ ಸಭಾಂಗಣದ ಎದುರಿಗೇ, ಲಾರ್ನೆಡ್ ರಸ್ತೆಯಲ್ಲಿ, ಐದು ಅಂತಸ್ತಿನ ಹಳೇ ಕಟ್ಟಡವೊಂದಿದೆ. ಹೆಸರು ಡೆಟ್ರಾಯಿಟ್ ಫೌಂಡೇಷನ್ ಹೋಟೆಲ್. ಅಲ್ಲಿ ರೂಮ್ ಮಾತ್ರ ಮಾಡಬೇಡ, ದುಬಾರಿ. ನಮ್ಮ ಮನೆ ಇದೆಯಲ್ಲ! ಆದರೆ ಆ ಕಟ್ಟಡ ನೋಡದೆ ಹೋಗಬೇಡ. ಮೊದಲು ಅದು ಈ ಊರಿನ ಅಗ್ನಿಶಾಮಕ ದಳದ ಮುಖ್ಯ ಕಚೇರಿ.

ಬೆಂಕಿಗೂ ಡೆಟ್ರಾಯಿಟ್‌ಗೂ ಹಳೇ ನಂಟು. 1805ರ ಜೂನ್ 11ರಂದು ಹೆಚ್ಚುಕಮ್ಮಿ ಊರಿಗೆ ಊರೇ ಸುಟ್ಟುಹೋಗಿತ್ತು. ಬೂದಿಯಿಂದ ಮತ್ತೆ ಏಳುತ್ತೇವೆ ಅಂತ ಆಗ ಪಾದ್ರಿ ಗೇಬ್ರಿಯಲ್ ರಿಚರ್ಡ್ ಹೇಳಿದ ಮಾತು ಲ್ಯಾಟಿನ್‌ನಲ್ಲಿ ಇಂದಿಗೂ ನಗರದ ಮುದ್ರೆಯ ಮೇಲಿದೆ.

ಕಟ್ಟಡ 1929ರದ್ದು. ಈ ಇಸವಿ ನೆನಪಿಟ್ಟುಕೋ. ಅದಕ್ಕೂ ಮೊದಲಿನ ಫೈರ್ ಸ್ಟೇಷನ್‌ಗಳೆಂದರೆ ಅರ್ಧ ಲಾಯ. ಕೆಳಗೆ ಕುದುರೆ, ಮೇಲೆ ಹುಲ್ಲಿನ ಅಟ್ಟ. ಡೆಟ್ರಾಯಿಟ್ ಮೋಟಾರಿನ ಊರು, ಕುದುರೆಗಳನ್ನು ಬೇಗನೇ ಬಿಟ್ಟಿತು. 1922ರ ಏಪ್ರಿಲ್ 10ರಂದು ಅವುಗಳ ಕೊನೆಯ ಓಟ. ಬೆಂಕಿಯೇನೂ ಬಿದ್ದಿರಲಿಲ್ಲ, ಬೀಳ್ಕೊಡುಗೆಗೆ ಅಂತ ಸುಮ್ನೆ ಓಡಿಸಿದ್ದು. ವುಡ್‌ವರ್ಡ್ ರಸ್ತೆಯಲ್ಲಿ ಸುಮಾರು 50,000 ಜನ ಸೇರಿದ್ದರಂತೆ. ಹಾಗಾಗಿ ಏಳು ವರ್ಷದ ನಂತರ ಎದ್ದ ಈ ಕಟ್ಟಡಕ್ಕೆ ಲಾಯ ಬೇಕಿರಲಿಲ್ಲ. ಬೇಕಿದ್ದದ್ದು ದೊಡ್ಡ ಬಾಗಿಲು.

ಆ ಬಾಗಿಲುಗಳೇ ಅಲ್ಲಿನ ಜೀವಾಳ ಕಣೋ. ಫುಟ್‌ಪಾತಿನಲ್ಲಿ ನಿಂತರೆ ಸಾಲಾಗಿ ಕಮಾನು, ಕಮಾನಿನೊಳಗೆ ಕೆಂಪು ಬಾಗಿಲು. ಫೈರ್ ಇಂಜಿನ್ ಗಂಟೆ ಬಾರಿಸಿಕೊಂಡು ಹೊರಬೀಳುತ್ತಿದ್ದ ಜಾಗ. ಈಗ ಅದರ ಹಿಂದೆ ಊಟದ ಹಾಲ್. ಗಾಡಿಗಳಿಗೆ ಅಂತ ಮಾಡಿದ ಎತ್ತರದ ಸೂರು ಹಾಗೇ ಇದೆ. ಗೋಡೆಗೆ ಮೆರುಗು ಹಾಕಿದ ಇಟ್ಟಿಗೆ. ಮಸಿ, ಕೆಸರು ಹತ್ತಿದರೆ ನೀರು ಹೊಡೆದು ತೊಳೆದರಾಯಿತು. ಅವತ್ತು ಅನುಕೂಲಕ್ಕೆ ಮಾಡಿದ್ದು, ಇವತ್ತು ಗಿರಾಕಿಗಳು ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ.

ದಳ ಇಲ್ಲಿಂದ ಖಾಲಿ ಮಾಡಿದ್ದು 2013ರಲ್ಲಿ. ಅದೇ ಜುಲೈನಲ್ಲಿ ನಗರ ದಿವಾಳಿ ಅರ್ಜಿ ಹಾಕಿತು. ಪಕ್ಕದ ಹಳೇ ಕಟ್ಟಡವನ್ನೂ ಸೇರಿಸಿಕೊಂಡು, 100 ರೂಮುಗಳ ಹೋಟೆಲ್ 2017ರಲ್ಲಿ ಶುರುವಾಯಿತು. ಪಾಳು ಬಿದ್ದು ನೆಲಸಮವಾದ ಕಟ್ಟಡಗಳು ಈ ಊರಲ್ಲಿ ಲೆಕ್ಕವಿಲ್ಲದಷ್ಟು. ಇದು ಉಳಿಯಿತಲ್ಲ, ಅಷ್ಟಕ್ಕೆ ನನಗೆ ಸಮಾಧಾನ. ಆದರೂ ಜನರ ತೆರಿಗೆಯಲ್ಲಿ ಎದ್ದ ಕಟ್ಟಡದಲ್ಲಿ ಒಂದು ರಾತ್ರಿ ಮಲಗಬೇಕಾದರೆ ಜೇಬು ಗಟ್ಟಿ ಇರಬೇಕು ಅನ್ನೋದು ಸ್ವಲ್ಪ ಚುಚ್ಚುತ್ತದೆ.

ಇನ್ನೊಂದು ತಮಾಷೆ ಕೇಳು. ಇಲ್ಲಿಂದ ಎದ್ದ ಮುಖ್ಯ ಕಚೇರಿ ಹೋಗಿದ್ದೆಲ್ಲಿಗೆ ಗೊತ್ತಾ? ಥರ್ಡ್ ಸ್ಟ್ರೀಟ್‌ನಲ್ಲಿ ಎಂಜಿಎಂ ಕಂಪನಿಯವರು ಕೆಲವು ವರ್ಷ ತಾತ್ಕಾಲಿಕವಾಗಿ ಕ್ಯಾಸಿನೋ ನಡೆಸಿದ್ದ ಕಟ್ಟಡಕ್ಕೆ! ಅದಕ್ಕೂ ಮೊದಲು ಅಲ್ಲಿದ್ದದ್ದು ಇನ್‌ಕಮ್ ಟ್ಯಾಕ್ಸ್‌ನವರು. ಪೊಲೀಸ್ ಮುಖ್ಯ ಕಚೇರಿಯೂ ಈಗ ಅಲ್ಲೇ. ಅದನ್ನೂ ಹೊರಗಿನಿಂದ ತೋರಿಸುತ್ತೇನೆ, ನೀನು ಬರೋ ತಾರೀಖು ಬರಿ.

ನಿನ್ನ,
ರವಿ