ಮಂಡಿಯಲ್ಲಿ ಕೂತವನಿಗೆ ಹೊಲ ಕರೆದಾಗ

ಪ್ರೀತಿಯ ಮಂಜು,

ದಾವಣಗೆರೆಯ ಮಂಡಿಯಲ್ಲಿ ಲೆಕ್ಕ ಬರೆಯುತ್ತ ಕೂತರೂ ಮನಸ್ಸು ಜಗಳೂರಿನ ಹೊಲಕ್ಕೆ ಓಡುತ್ತೆ, ಇದು ಕರೆಯೋ ಬರೀ ಬೇಸರವೋ ಅಂತ ಕೇಳಿದ್ದೀಯ. ಇದು ಕೇಳಲೇಬೇಕಾದ ಪ್ರಶ್ನೆ.

ಲೋಕದ ಪುರಾಣಗಳನ್ನೆಲ್ಲ ಒಟ್ಟಿಗಿಟ್ಟು ಓದಿದ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ, ಕಥೆಯ ನಾಯಕನನ್ನು ಇದ್ದ ಬದುಕಿನಿಂದ ಹೊರಗೆ ಕರೆಯುವ ಈ ಘಟ್ಟವನ್ನು ‘ಸಾಹಸದ ಕರೆ’ ಎಂದರು. ಅದಕ್ಕೆ ಅವರು ಕೊಟ್ಟ ಉದಾಹರಣೆ ಯುದ್ಧದ್ದಲ್ಲ. ರಾಜಕುಮಾರಿಯ ಚಿನ್ನದ ಚೆಂಡು ನೀರಿಗೆ ಬಿತ್ತು, ಕಪ್ಪೆಯೊಂದು ತಲೆ ಎತ್ತಿ ಮಾತಾಡಿತು, ಅಷ್ಟೆ. ನಮ್ಮ ದುರ್ಗದ ಓಬವ್ವನ ಕಥೆಯೂ ಹಾಗೇ. ಗಂಡ ಉಣ್ಣಲು ಕೂತಿದ್ದ, ಅವಳು ಹೊಂಡಕ್ಕೆ ನೀರಿಗೆ ಹೋದಳು, ಕಿಂಡಿಯ ಕಡೆ ಸದ್ದು ಕೇಳಿತು. ಕೈಗೆ ಸಿಕ್ಕಿದ್ದು ಒನಕೆ. ಕರೆ ಬರುವುದು ದಿನದ ಕೆಲಸದ ನಡುವೆಯೇ. ಅದಕ್ಕೇ ಗುರುತು ಸಿಗದೆ ಹೋಗುತ್ತೆ.

ಗುರುತು ಹಿಡಿಯಲು ಜೇಬಲ್ಲಿ ಒಂದು ಸಣ್ಣ ಪುಸ್ತಕ ಇಟ್ಕೋ, 40 ದಿನ. ಹೊಲದ ನೆನಪು ಬಂದಾಗಲೆಲ್ಲ ಅಲ್ಲೇ ಬರಿ: ತಾರೀಖು, ಹೊತ್ತು, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು, ಮನಸ್ಸಲ್ಲಿ ಕಂಡದ್ದೇನು. ರಾತ್ರಿ ನೆನಪಿಸಿಕೊಂಡು ಬರೆದರೆ ಕೆಟ್ಟಿತು, ಆಗ ನಿನಗೆ ಬೇಕಾದ್ದನ್ನೇ ಬರೀತೀಯ. ಆಮೇಲೆ ಓದಿ ನೋಡು. ಸಾಹುಕಾರರು ಬೈದ ದಿನ, ತಿಂಗಳ ಕೊನೆಯಲ್ಲಿ ಮಾತ್ರ ನೆನಪು ಬಂದಿದ್ದರೆ ಅದು ದಣಿವು, ಹತ್ತು ದಿನ ರಜೆ ಹಾಕು. ಚೆನ್ನಾಗಿ ನಿದ್ದೆ ಮಾಡಿ ಎದ್ದ ಭಾನುವಾರವೂ ಬಂದಿದ್ದರೆ ಬೇರೆ ಮಾತು. ‘ಇಲ್ಲಿಂದ ಹೊರಟರೆ ಸಾಕು’ ಅನ್ನುವುದು ಓಡಿಹೋಗುವ ಆಸೆ. ‘ಬದುವಿನ ಕಲ್ಲು ಜರುಗಿದೆ, ಅಜ್ಜಿ ಬಿತ್ತುತ್ತಿದ್ದ ನವಣೆ ತಳಿ ಯಾರ ಮನೇಲಿದೆಯೋ’ ಅನ್ನುವುದು ಕರೆ. ಜೊತೆಗೆ ಒಂದಿಷ್ಟು ಭಯವೂ ಇರಬೇಕು. ಭಯವೇ ಇಲ್ಲದಿದ್ದರೆ ನನಗೆ ಅನುಮಾನ.

ಕರೆಯ ಹಿಂದೆಯೇ ಎಷ್ಟೋ ಸಲ ನಿರಾಕರಣೆ ಬರುತ್ತೆ ಅಂತಲೂ ಕ್ಯಾಂಪ್‌ಬೆಲ್ ಹೇಳಿದ್ದಾರೆ. ನಮ್ಮ ಮನೆಗಳಲ್ಲಿ ಅದರ ಭಾಷೆ ‘ಮಗಳ ಪಿಯುಸಿ ಮುಗೀಲಿ’, ‘ಒಳ್ಳೆ ಕಾಲ ಬರ್ಲಿ’. ನಿಜವಾದ ಅಡಚಣೆಗೆ ತಾರೀಖು ಇರುತ್ತೆ, ಇಲ್ಲವೆ ಇಂತಿಷ್ಟು ರೂಪಾಯಿ ಅಂತ ಇರುತ್ತೆ. ಪಿಯುಸಿಗೆ ಇದೆ, ಒಳ್ಳೆ ಕಾಲಕ್ಕಿಲ್ಲ.

ಕರೆ ಅಂತ ಅನ್ನಿಸಿದರೂ ಕೆಲಸ ಬಿಡಬೇಡ, ಸಾಲ ಮಾಡಿ ಬೋರ್ ಕೊರೆಸಬೇಡ, ಊರಿಗೆಲ್ಲ ಹೇಳಬೇಡ. ಹೇಳಿಬಿಟ್ಟರೆ ಬೇಡ ಅನ್ನಿಸಿದಾಗ ಹಿಂದೆ ಬರೋದು ಕಷ್ಟ. ಐದು ಗುಂಟೆ ಮಾತ್ರ ನವಣೆ ಬಿತ್ತು. ಅರ್ಧ ಕೆಜಿ ಬೀಜ ಸಾಕು. ಬೀಜ ಸಾಸಿವೆಯಷ್ಟು ಸಣ್ಣದು, ಹಾಗೇ ಬಿಟ್ಟರೆ ಒಂದೇ ಕಡೆ ಸುರಿಯುತ್ತೆ, ಒಣ ಮರಳು ಬೆರೆಸು. ಒಂದು ಅಂಗುಲಕ್ಕಿಂತ ಆಳಕ್ಕೆ ಹೋದರೆ ಮೊಳಕೆ ಮೇಲೆ ಬರೋದು ಕಷ್ಟ. ಮೊದಲ ಒಂದು ತಿಂಗಳು ಕಳೆ ತೆಗೆಯದಿದ್ದರೆ ಪೈರು ಸೊರಗುತ್ತೆ, ಅದು ಭಾನುವಾರ ಸೊಂಟ ಹಿಡಿಯುವ ಕೆಲಸ. ಸುತ್ತ ಮೆಕ್ಕೆಜೋಳ ಇದ್ದು ನಿನ್ನದೊಂದೇ ನವಣೆಯಾದರೆ ಹಾಲುತೆನೆಗೆ ಗುಬ್ಬಿಗಳೆಲ್ಲ ಅಲ್ಲಿಗೇ ಇಳೀತಾವೆ, ಬೆಳಿಗ್ಗೆ ಸಂಜೆ ಕಾಯೋಕೆ ಒಬ್ಬರನ್ನು ಈಗಲೇ ಗೊತ್ತು ಮಾಡಿಕೋ.

80-90 ದಿನದ ಬೆಳೆ. ಅಷ್ಟೂ ದಿನ ಪುಸ್ತಕ ಬರೀತಿರು. ಕಳೆ ತೆಗೆದ ಮಾರನೇ ದಿನ ಏನು ಬರೆದಿದ್ದೀಯ ಅನ್ನೋದನ್ನೇ ನಾನು ಮೊದಲು ಓದೋದು. ಆರಿದ್ರೆ ಮಳೆ ಹಿಡಿದರೆ ಬೀಜ ಹೊಂದಿಸಿಕೊಂಡು ಫೋನ್ ಮಾಡು.

ನಿನ್ನ ಗೆಳೆಯ