ಕೌಂಟರ್ ಮುಚ್ಚಿಕೊಂಡು ಪ್ರವಾಸಿಗರನ್ನು ಕರೆಯುವುದು ಯಾಕೆ?

ಮಾನ್ಯ ಸಂಪಾದಕರೇ,

ಭಾನುವಾರ ನಮ್ಮ ಬೆಂಗಳೂರಿನ ಸ್ಮಾರಕವೊಂದರಲ್ಲಿ ಟಿಕೆಟ್ ಸಿಗದೆ ಪ್ರವಾಸಿಗರು ಗೇಟಿನ ಹೊರಗೇ ನಿಂತ ಸುದ್ದಿ ನಿಮ್ಮ ಪತ್ರಿಕೆಯ ನಗರ ಪುಟದಲ್ಲಿ ಬಂದಿದೆ. ಸರ್ವರ್ ಕೈಕೊಟ್ಟಿದ್ದರಿಂದ ಸ್ವಲ್ಪ ಹೊತ್ತು ಗೊಂದಲ ಆಯಿತು ಎಂದು ಅಧಿಕಾರಿಯೊಬ್ಬರು ಹೇಳಿದ್ದಾರಂತೆ. ಆ ಸಾಲಿನಲ್ಲಿ ನಾನೂ ಇದ್ದೆ. ಸ್ವಲ್ಪ ಹೊತ್ತು ಅಲ್ಲ ಸ್ವಾಮಿ. ಬಿಸಿಲೇರುವ ಮೊದಲೇ ಬಂದು ನಿಂತವರು ಊಟದ ಹೊತ್ತು ಮೀರಿದರೂ ಅಲ್ಲೇ ಇದ್ದೆವು. ಯಾವ ಜಾಗ ಎಂದು ನಿಮ್ಮ ಓದುಗರಿಗೆ ಗೊತ್ತೇ ಇದೆ. ನಾನು ಮತ್ತೆ ಹೆಸರು ಹೇಳುವುದಿಲ್ಲ.

ಚಿತ್ರದುರ್ಗದಿಂದ ನಮ್ಮ ಸೋದರತ್ತೆ, ಮಾವ ಬಂದಿದ್ದರು. ಅತ್ತೆ ಕನ್ನಡ ಮೇಡಂ ಆಗಿ ನಿವೃತ್ತರಾದವರು. ಮಂಡಿನೋವು ಜಾಸ್ತಿ, ಆದರೂ ಊರು ನೋಡುವ ಆಸೆ. ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗಿದ್ದೆವು. ಹೈದರ್ ಅಲಿ 1760ರಲ್ಲಿ ಶುರು ಮಾಡಿದ ತೋಟ, 1889ರ ಗಾಜಿನ ಮನೆ, ಕೆಂಪೇಗೌಡರ ಗೋಪುರ ಇರುವ ಆ ಬಂಡೆ. ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು ಎಂದಾಗ ಮಾವ ಅದನ್ನು ಕೈಯಿಂದ ಮುಟ್ಟಿ ನೋಡಿದರು. ಅಷ್ಟು ಖುಷಿಯಲ್ಲಿದ್ದವರನ್ನು ಕರೆದುಕೊಂಡು ಈ ಗೇಟಿಗೆ ಬಂದೆ.

ಟಿಕೆಟ್ ಕೌಂಟರ್ ಇದೆ. ಒಳಗೆ ಕುರ್ಚಿ, ಫ್ಯಾನು ಎಲ್ಲಾ ಇದೆ. ಮನುಷ್ಯ ಮಾತ್ರ ಇಲ್ಲ. ಗಾಜಿನ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ, ಕೋಡ್ ಸ್ಕ್ಯಾನ್ ಮಾಡಿ ಟಿಕೆಟ್ ತೆಗೆದುಕೊಳ್ಳಬೇಕಂತೆ. ಸರಿ, ಮಾಡಿದೆ. ಹೆಸರು ಕೇಳಿತು, ಊರು ಕೇಳಿತು, ಮೊಬೈಲ್ ನಂಬರ್ ಕೇಳಿತು. ಒಟಿಪಿ ಬಂತು. ದುಡ್ಡು ಕಟ್ಟಿದೆ. ಖಾತೆಯಿಂದ ದುಡ್ಡು ಹೋಯಿತು, ಟಿಕೆಟ್ ಬರಲಿಲ್ಲ. ಗೇಟಿನಲ್ಲಿದ್ದ ಸೆಕ್ಯುರಿಟಿ ಹುಡುಗನಿಗೆ ತೋರಿಸಿದರೆ, 'ಇನ್ನೊಂದ್ ಸಲ ಮಾಡಿ ಸಾರ್' ಎಂದ. ಮತ್ತೆ ಮಾಡಿದೆ. ಮತ್ತೆ ದುಡ್ಡು ಹೋಯಿತು. ನಗದು ಕೊಡುತ್ತೇನೆ ಎಂದರೆ ತೆಗೆದುಕೊಳ್ಳುವ ಅಧಿಕಾರ ಅವನಿಗಿಲ್ಲ. ಮೇಲಿನವರಿಗೆ ಫೋನ್ ಮಾಡು ಎಂದರೆ, ಭಾನುವಾರ ಅವರು ಫೋನ್ ಎತ್ತುವುದಿಲ್ಲವಂತೆ. ಆ ಹುಡುಗನನ್ನು ನಾನು ಬೈಯುವುದಿಲ್ಲ. ಪಾಪ, ಎಲ್ಲರ ಬೈಗುಳ ತಿನ್ನಲು ಅವನೊಬ್ಬನನ್ನು ಅಲ್ಲಿ ನಿಲ್ಲಿಸಿ, ಸಾಹೇಬರು ಮನೆಯಲ್ಲಿದ್ದರು.

ಪ್ರವಾಸಿಗರು ಜಾಸ್ತಿ ಬರುವುದೇ ಭಾನುವಾರ. ಅವತ್ತೇ ಯಾರೂ ಇರಬಾರದು ಎಂದು ಯಾವ ಬುದ್ಧಿವಂತರು ತೀರ್ಮಾನ ಮಾಡಿದರು?

ನಮ್ಮ ಹಿಂದೆ ಶಾಲಾ ಮಕ್ಕಳ ಒಂದು ತಂಡ ಇತ್ತು. ಎಲ್ಲೋ ಹಳ್ಳಿ ಕಡೆಯಿಂದ ಬಸ್ಸು ಮಾಡಿಕೊಂಡು ಬಂದವರು. ಮೇಷ್ಟ್ರ ಕೈಯಲ್ಲಿ ಮಕ್ಕಳಿಂದ ಕೂಡಿಸಿದ ಚಿಲ್ಲರೆ ದುಡ್ಡು. ಅದು ಅಲ್ಲಿ ನಡೆಯುವುದಿಲ್ಲ. ಇಬ್ಬರು ವಿದೇಶಿಯರೂ ಇದ್ದರು. ಅವರ ಫೋನಿಗೆ ಒಟಿಪಿಯೇ ಬರಲಿಲ್ಲ. ಕೈಯಲ್ಲಿ ಐನೂರರ ನೋಟು ಹಿಡಿದುಕೊಂಡು ಅವರು ಎಲ್ಲರ ಮುಖ ನೋಡುತ್ತಿದ್ದರು. ನನಗೇ ನಾಚಿಕೆಯಾಯಿತು.

ಇನ್ನು ಕೂರಲು ಜಾಗ. ಇಲ್ಲ. ನೆರಳು? ಗೇಟಿನ ಒಳಗಿದೆ. ಕುಡಿಯುವ ನೀರೂ ಒಳಗೇ. ಶೌಚಾಲಯ ಹೊರಗಿದೆ, ಅದಕ್ಕೆ ಬೀಗ. ಬೀಗದ ಕೀ ಯಾರ ಹತ್ತಿರ ಎಂದು ಕೇಳಿದರೆ ಕಂಟ್ರಾಕ್ಟರ್ ಬದಲಾಗಿದ್ದಾರೆ ಎಂಬ ಉತ್ತರ. ವಯಸ್ಸಾದ ಹೆಂಗಸು ಆ ಉತ್ತರ ಇಟ್ಟುಕೊಂಡು ಏನು ಮಾಡಬೇಕು? ಅತ್ತೆ ಪಾರ್ಕಿಂಗ್ ಪಕ್ಕದ ಕಟ್ಟೆಯ ಮೇಲೆ ಸೆರಗು ಹೊದ್ದು ಕೂತರು. ಪಾರ್ಕಿಂಗಿನವನು ಮಾತ್ರ ಗಂಟೆ ಲೆಕ್ಕ ಹಾಕಿ, ನಗದಿನಲ್ಲೇ ವಸೂಲಿ ಮಾಡಿದ! ಅವನಿಗೆ ಯಾವ ಸರ್ವರ್ ತೊಂದರೆಯೂ ಇರಲಿಲ್ಲ. ರಸೀದಿ ಕೇಳಿದ್ದಕ್ಕೆ ಗುರಾಯಿಸಿದ.

ಕೊನೆಗೆ ಅತ್ತೆಯೇ 'ಸಾಕು, ನಡಿಯಪ್ಪ ಮನೆಗೆ ಹೋಗಾಣ' ಎಂದರು. ಅವರು ನಿಜವಾಗಿ ನೋಡಬೇಕು ಎಂದುಕೊಂಡು ಬಂದಿದ್ದು ಬೇಗೂರಿನ ವೀರಗಲ್ಲು. ಸುಮಾರು ಕ್ರಿ.ಶ. 890ರ ಕಲ್ಲು. 'ಬೆಂಗಳೂರು ಕಾಳಗ' ಎಂದು ಈ ಊರಿನ ಹೆಸರು ಕೆತ್ತಿರುವ ಶಾಸನ ಅದು. ಊರಿನ ಹೆಸರು ಹಸಿದ ರಾಜನೊಬ್ಬ ತಿಂದ ಬೆಂದ ಕಾಳಿನಿಂದ ಬಂತು ಎಂಬ ಕತೆಯನ್ನು ಮಕ್ಕಳಿಗೆ ಹೇಳುವಾಗಲೆಲ್ಲ, ಆ ಕತೆಯ ರಾಜನಿಗಿಂತ ಹಳೆಯದು ಈ ಕಲ್ಲು ಎಂದೂ ಹೇಳಿಕೊಡುತ್ತಿದ್ದರಂತೆ. ಕಣ್ಣಾರೆ ನೋಡಿರಲಿಲ್ಲ. ಮಧ್ಯಾಹ್ನ ಹೊರಟು, ಬೆಳಕಿರುವಾಗಲೇ ನಾಗೇಶ್ವರ ದೇವಸ್ಥಾನ ತಲುಪಿ ಅಕ್ಷರ ತೋರಿಸಬೇಕು ಎಂದಿದ್ದೆ. ಇಲ್ಲೇ ಇಷ್ಟು ಹೊತ್ತಾದ ಮೇಲೆ, ಹಸಿದುಕೊಂಡು, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಹೋಗುವುದು ಯಾವಾಗ? ಮಾರನೇ ದಿನ ಅವರಿಗೆ ಊರಿಗೆ ಟಿಕೆಟ್ ಆಗಿತ್ತು. ನೋಡದೆಯೇ ಹೋದರು. ಈ ನಷ್ಟವನ್ನು ಯಾವ ಇಲಾಖೆ ತುಂಬಿಕೊಡುತ್ತದೆ?

ಕಲ್ಲುಗಳ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳುತ್ತೇನೆ. 2018ರಲ್ಲಿ ಹೆಬ್ಬಾಳದಲ್ಲಿ ಕಿತ್ತಯ್ಯ ಎಂಬ ವೀರನ ಶಾಸನ ಸಿಕ್ಕಿತಲ್ಲ, ಸುಮಾರು ಕ್ರಿ.ಶ. 750ರದ್ದು. ಅದನ್ನು ಉಳಿಸಲು, ಅದಕ್ಕೊಂದು ಮಂಟಪ ಕಟ್ಟಲು ಓಡಾಡಿದವರು ಸಾಮಾನ್ಯ ಜನ. ಸಂಬಳ ಇಲ್ಲ, ಜೀಪ್ ಇಲ್ಲ. ಸಂಬಳ ತೆಗೆದುಕೊಳ್ಳುವವರಿಗೆ ಭಾನುವಾರ ಒಂದು ಕೌಂಟರ್ ತೆರೆಯಲು ಆಗುವುದಿಲ್ಲ.

ಈ ಊರಿನಲ್ಲಿ ನೋಡಲು ಏನೂ ಇಲ್ಲ, ಬರೀ ಟ್ರಾಫಿಕ್ ಮತ್ತು ಮಾಲ್ ಎಂದು ಹೊರಗಿನವರು ಆಡಿಕೊಳ್ಳುತ್ತಾರೆ. ನನಗೆ ಉರಿಯುತ್ತದೆ. ಕೆ.ಆರ್. ಮಾರುಕಟ್ಟೆ ಮೆಟ್ರೋ ಇಳಿದರೆ ಕೋಟೆ, ಕೋಟೆ ವೆಂಕಟರಮಣ ದೇವಸ್ಥಾನ, 1791ರಲ್ಲಿ ಮುಗಿದ ಟಿಪ್ಪುವಿನ ಮರದ ಅರಮನೆ, ಎಲ್ಲಾ ನಡೆದೇ ನೋಡಬಹುದು. ಅದೇ ವರ್ಷ ಬ್ರಿಟಿಷರು ಮುತ್ತಿಗೆ ಹಾಕಿದ ಕೋಟೆ ಅದು. ಬಸವನಗುಡಿಯಲ್ಲಿ ದೊಡ್ಡ ಬಸವಣ್ಣ, ಕಾರ್ತಿಕದ ಕೊನೆ ಸೋಮವಾರ ಕಡಲೆಕಾಯಿ ಪರಿಷೆ. ಗವಿಪುರದಲ್ಲಿ ಸಂಕ್ರಾಂತಿ ದಿನ ಶಿವಲಿಂಗದ ಮೇಲೆ ಬೀಳುವ ಸೂರ್ಯನ ಕಿರಣ. ಕಬ್ಬನ್ ಪಾರ್ಕಿನ ಸುತ್ತ ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿ, ವಿಶ್ವೇಶ್ವರಯ್ಯ ಮ್ಯೂಸಿಯಂ, ಕೇಂದ್ರ ಗ್ರಂಥಾಲಯ. ಇಷ್ಟು ಹತ್ತಿರ ಹತ್ತಿರ ಇಷ್ಟೆಲ್ಲಾ ಇಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವವನಿಗೆ ದಾರಿ ತೋರಿಸುವ ನೆಟ್ಟಗಿನ ಬೋರ್ಡ್ ಇದೆಯಾ? ಫುಟ್‌ಪಾತ್ ಮೇಲೆ ಬೈಕು, ಬೈಕಿನ ಪಕ್ಕ ಗುಂಡಿ. ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳಲು ದಿನಾ ನೂರಾರು ಜನ ನಿಲ್ಲುತ್ತಾರೆ. ಬಸ್ಸು ಮೈಮೇಲೆ ಬರುವ ಹಾಗೆ ರಸ್ತೆ ಅಂಚಿನಲ್ಲೇ ನಿಲ್ಲಬೇಕು. 1956ರಲ್ಲಿ ಮುಗಿದ ಕಟ್ಟಡ. ಎದುರಿಗೆ ನಿಂತು ನೋಡಲು ಒಂದಿಷ್ಟು ಜಾಗ ಮಾಡಿಕೊಡಬೇಕು ಎಂದು ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲ.

ನಾನು ಇದೇ ಸ್ಮಾರಕದ ವಿಷಯವಾಗಿ ಹಿಂದೆಯೂ ಕಚೇರಿಗೆ ಬರೆದಿದ್ದೆ. ಒಳಗಿನ ಫಲಕದಲ್ಲಿ ಕನ್ನಡದ ತಪ್ಪುಗಳು ತುಂಬಿವೆ, ಸರಿಮಾಡಿ ಎಂದು. ಉತ್ತರ ಬರಲಿಲ್ಲ. ಹೋಗಿ ಕೇಳಿದರೆ, ಆ ಅಧಿಕಾರಿ ವರ್ಗ ಆಗಿದ್ದಾರೆ, ಫೈಲ್ ನೋಡಬೇಕು ಎಂದರು. ಹೊಸಬರು ಬಂದ ಮೇಲೆ ಹೋದರೆ ಮೀಟಿಂಗ್‌ನಲ್ಲಿದ್ದರು. ಫಲಕ ಹಾಗೇ ಇದೆ. ಅದರ ಪಕ್ಕದಲ್ಲಿ ಉದ್ಘಾಟನೆ ಮಾಡಿದವರ ಹೆಸರಿನ ಕಲ್ಲು ಮಾತ್ರ ಒಂದು ಅಕ್ಷರವೂ ತಪ್ಪದೆ, ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿದೆ. ವೆಬ್‌ಸೈಟಿನಲ್ಲಿ ಸಮಯ ಹಳೆಯದು, ಫೋನ್ ನಂಬರ್ ಚಾಲ್ತಿಯಲ್ಲಿಲ್ಲ. ಆದರೆ ಜಾಹೀರಾತು ನೋಡಿ! ವಿಮಾನ ನಿಲ್ದಾಣದ ದಾರಿಯುದ್ದಕ್ಕೂ ಬನ್ನಿ ಬನ್ನಿ ಎಂಬ ಬೋರ್ಡುಗಳು. ಬೋರ್ಡಿಗೆ ದುಡ್ಡಿದೆ, ಒಂದು ಬೆಂಚಿಗೆ ಇಲ್ವಾ?

ಈಗ ಅಧಿಕಾರಿಗಳು ಏನಾದರೂ ಮಾಡಲೇಬೇಕು. ಆ ಕೌಂಟರಿನಲ್ಲಿ ಮನುಷ್ಯರನ್ನು ಕೂರಿಸಿ ನಗದು ತೆಗೆದುಕೊಳ್ಳಲಿ. ಆಗದಿದ್ದರೆ ಟಿಕೆಟ್ಟೇ ಬೇಡ ಎಂದು ಗೇಟ್ ತೆಗೆದುಬಿಡಲಿ. ಶೌಚಾಲಯದ ಬೀಗ ಒಡೆಯಲಿ. ಎರಡು ಸಲ ಕಟ್ ಆದ ನನ್ನ ದುಡ್ಡು ಇನ್ನೂ ವಾಪಸ್ ಬಂದಿಲ್ಲ, ಅದನ್ನೂ ನೋಡಲಿ. ಬೆಂಗಳೂರಿನ ಎಲ್ಲಾ ತಾಣಗಳನ್ನೂ ಒಟ್ಟಿಗೆ ಸರಿಮಾಡಲಿ. ಸಂಬಂಧಪಟ್ಟ ಮಂತ್ರಿಗಳು ಯಾವುದಾದರೂ ಭಾನುವಾರ ಮುಂಚೆ ತಿಳಿಸದೆ, ಮನೆಯ ಹಿರಿಯರನ್ನು ಕರೆದುಕೊಂಡು, ಅದೇ ಸಾಲಿನಲ್ಲಿ ಬಂದು ನಿಲ್ಲಲಿ. ಇಷ್ಟು ಜನ ಬಿಸಿಲಲ್ಲಿ ನಿಂತಿದ್ದರೂ ಒಬ್ಬ ಅಧಿಕಾರಿ ಗೇಟಿನವರೆಗೆ ಬಂದು ಒಂದು ಮಾತು ಹೇಳಲಿಲ್ಲ. ಅದಕ್ಕೂ ಸರ್ವರ್ ಬೇಕಿತ್ತಾ? ಇವರಿಗೆ ನಾಚಿಕೆಯಾಗಬೇಕು.

ಇಂತಿ,
ಒಬ್ಬ ಓದುಗ, ಬೆಂಗಳೂರು