ಮಗಾ, ಸ್ಪ್ಲೀನ್ ಸಿಗ್ತಿಲ್ಲ ಅಂದ್ಯಲ್ಲ

ಲೇ ಮಗಾ,

ರೋಗಿಯ ಹೊಟ್ಟೆ ಮುಟ್ಟಿ ನೋಡುವಾಗ ಊದಿದ ಸ್ಪ್ಲೀನ್ (ಗುಲ್ಮ, ಎಡ ಪಕ್ಕೆಲುಬಿನ ಒಳಗಿರೋ ಅಂಗ) ಕೈಗೆ ಸಿಗ್ತಿಲ್ಲ ಅಂದ್ಯಲ್ಲ, ಫೋನಲ್ಲೇ ಹೇಳಬಹುದಿತ್ತು. ಆದರೆ ಚಿಕ್ಕಮಗಳೂರಲ್ಲಿ ನಿನ್ನ ಬ್ಯಾಚಿನವರೆಲ್ಲ ಇದನ್ನೇ ಕೇಳ್ತಿದ್ದಾರಂತೆ, ಅದಕ್ಕೇ ಎಲ್ಲರೆದುರು ಹಾಕ್ತಿದೀನಿ. ಬೇಲೂರು ಬಸ್ಸಿನ ವಿಷಯ ಎತ್ತಲ್ಲ, ಹೆದರಬೇಡ.

ಮೊದಲು ಕೈ ಬೆಚ್ಚಗೆ ಮಾಡ್ಕೋ. ನಮ್ಮ ಕಡೆ ಚಳಿಗೆ ಬೆಳಗ್ಗೆ ವಾರ್ಡ್ ಪೋಸ್ಟಿಂಗಲ್ಲಿ ತಣ್ಣನೆ ಕೈ ಇಟ್ಟರೆ ಹೊಟ್ಟೆ ಹಲಗೆ ಆಗುತ್ತೆ, ಆಮೇಲೆ ಒಳಗೆ ಏನಿದ್ರೂ ಸಿಗಲ್ಲ. ರೋಗಿ ಅಂಗಾತ ಮಲಗಿ ಮಂಡಿ ಸ್ವಲ್ಪ ಮಡಚಲಿ, ಬಾಯಿ ತೆರೆದು ಉಸಿರಾಡಲಿ. ಶುರು ಮಾಡಬೇಕಾದ್ದು ಬಲಗಡೆ ಕಿಬ್ಬೊಟ್ಟೆಯಿಂದ, ಎಡ ಪಕ್ಕೆಲುಬಿನ ಕಡೆಗೆ ಓರೆಯಾಗಿ. ಸಿಎಂಎಲ್‌ನಂಥ (ಒಂದು ಬಗೆಯ ರಕ್ತದ ಕ್ಯಾನ್ಸರ್) ಕಾಯಿಲೇಲಿ ಸ್ಪ್ಲೀನ್ ಹೊಕ್ಕುಳ ದಾಟಿರಬಹುದು. ನೀನು ನೇರ ಪಕ್ಕೆಲುಬಿನ ಕೆಳಗೆ ಕೈ ಇಟ್ಟರೆ ಅದರ ಮೇಲೇ ಕೂತಿರ್ತೀಯ, ಅಂಚು ಸಿಗದೆ ‘ನಾರ್ಮಲ್’ ಅಂತ ಬರೆದು ಬರ್ತೀಯ. ಉಸಿರು ಎಳ್ಕೊಳ್ಳುವಾಗ ಕೈ ಅಲ್ಲಾಡಬಾರದು, ಸ್ಪ್ಲೀನೇ ಇಳಿದು ಬಂದು ಬೆರಳಿಗೆ ತಾಗಬೇಕು. ಉಸಿರು ಬಿಟ್ಟಾಗ ಒಂದೆರಡು ಸೆಂಟಿಮೀಟರ್ ಮುಂದೆ ಹೋಗು. ಮುಕ್ಕಾಲು ಜನ ಉಲ್ಟಾ ಮಾಡೋದು ಇಲ್ಲೇ. ಸಿಗಲಿಲ್ವಾ, ಬಲಮಗ್ಗುಲಿಗೆ ಹೊರಳಿಸಿ, ಎಡಗೈ ಬೆನ್ನ ಕಡೆಯಿಂದ ಕೊಟ್ಟು ಪಕ್ಕೆಲುಬನ್ನ ಮುಂದಕ್ಕೆ ತಳ್ಳಿ ನೋಡು. ಆಗಲೂ ಸಿಗದಿದ್ರೆ ಊದಿಲ್ಲ ಅಂತ ಅಲ್ಲ. ಮಾಮೂಲಿ ಗಾತ್ರದ ಎರಡು ಮೂರು ಪಟ್ಟು ಆಗೋವರೆಗೂ ಅದು ಸಾಮಾನ್ಯವಾಗಿ ಕೈಗೆ ಬರಲ್ಲ.

ಕೈಗೆ ಸಿಕ್ಕಿದ್ದು ಸ್ಪ್ಲೀನೇ, ಕಿಡ್ನಿ ಅಲ್ಲ ಅಂತ ಹೇಗೆ ಹೇಳ್ತೀಯ ಅಂತ ವೈವಾದಲ್ಲಿ (ಮೌಖಿಕ ಪರೀಕ್ಷೆ) ಕೇಳ್ತಾರೆ. ಪಕ್ಕೆಲುಬಿಗೂ ಸ್ಪ್ಲೀನಿಗೂ ನಡುವೆ ಬೆರಳು ತೂರಲ್ಲ, ಅಂಚಲ್ಲಿ ನಾಚ್ (ಕಚ್ಚು) ಇರುತ್ತೆ, ಬೆರಳಿಂದ ಬಡಿದರೆ ಡಲ್ ಸದ್ದು. ವೈವಾಗೆ ಇಷ್ಟು ಸಾಕು.

ಜ್ವರದ ಕೇಸಲ್ಲಿ ಜೋರಾಗಿ ಒತ್ತಬೇಡ. ಮಲೇರಿಯಾ, ಇನ್ಫೆಕ್ಷಿಯಸ್ ಮಾನೋನ್ಯೂಕ್ಲಿಯೋಸಿಸ್‌ನಲ್ಲಿ (ಒಂದು ವೈರಸ್ ಜ್ವರ) ಊದಿದ ಸ್ಪ್ಲೀನ್ ಒಡೆದುಬಿಡಬಹುದು. ಒತ್ತುವಾಗ ರೋಗಿಯ ಮುಖ ನೋಡ್ತಿರು. ನೋವಾದ್ರೆ ಹುಬ್ಬು ಮೊದಲು ಹೇಳುತ್ತೆ, ಬಾಯಿ ಆಮೇಲೆ.

ಮುಖ ಅಂದೆ ನೋಡು, ತಕರಾರು ಅಲ್ಲೇ. ‘ಒಳ್ಳೆ ಸ್ಪ್ಲೀನ್ ಬಂದಿದೆ’ ಅಂತ ಗ್ರೂಪಲ್ಲಿ ಬೆಡ್ ನಂಬರ್ ಬಿದ್ದರೆ ಇಡೀ ಬ್ಯಾಚು ಓಡುತ್ತೆ. ಸಕಲೇಶಪುರದ ಕಡೆ ತೋಟದ ಕೂಲಿ ಬಿಟ್ಟು ಬಂದವರು ಅಂಗಿ ಎತ್ತಿ, ಇಳಿಸಿ, ಮತ್ತೆ ಎತ್ತಿ, ಕೊನೆಗೆ ‘ಇನ್ನೂ ಸ್ವಲ್ಪ ಎಡಕ್ಕಪ್ಪ’ ಅಂತ ತಾವೇ ದಾರಿ ತೋರಿಸ್ತಾರೆ. ನಾವು ನಗ್ತೀವಿ. ಬೆಳಗಾದ್ರೆ ಬೆಡ್ ಖಾಲಿ. ಮೊದಲು ಅನ್ನಿಸೋದೇನು ಗೊತ್ತಾ? ‘ಛೇ, ಇಂಟರ್ನಲ್ಸ್ ಪರೀಕ್ಷೆ ಮುಗಿಯೋವರೆಗಾದ್ರೂ ಇರಬಾರದಿತ್ತಾ!’ ಗುಣವಾಗಿ ಹೋದ್ರಾ, ದುಡ್ಡು ಸಾಲದೆ ಹೋದ್ರಾ, ಇನ್ನೇನಾದ್ರೂ ಆಯ್ತಾ ಅನ್ನೋದು ಮೆಸ್ಸಲ್ಲಿ ಊಟಕ್ಕೆ ಕೂತಾಗ ಹೊಳೆಯುತ್ತೆ. ಈಚೀಚೆಗೆ ಆಗಲೂ ಹೊಳೀತಿಲ್ಲ ಕಣೋ. ಅದೇ ಭಯ.

ಸರಿ ಬಿಡು, ಇದನ್ನ ನಿಮ್ಮಮ್ಮನೂ ಓದ್ತಾರೆ. ಆಂಟಿ, ಇವನು ಚೆನ್ನಾಗೇ ಓದ್ತಿದ್ದಾನೆ, ಸ್ಪ್ಲೀನ್ ಒಂದು ಸಿಗ್ತಿಲ್ಲ ಅಷ್ಟೆ. ಮತ್ತೆ, ಸ್ಪ್ಲೀನ್ ಪಕ್ಕೆಲುಬಿಂದ ಎಷ್ಟು ಕೆಳಗಿಳಿದಿದೆ ಅಂತ ಅಳೆಯೋಕೆ ಜೇಬಲ್ಲಿ ಟೇಪ್ ಇಟ್ಕೊಂಡು ಹೋಗೋ. ‘ಮೂರು ಬೆರಳು’ ಅಂದ್ರೆ ಯಾರ ಬೆರಳು ಅಂತ ಕೇಳ್ತಾರೆ. ನಿನ್ನ ಬೆರಳಿನ ಚರಿತ್ರೆ ಹಾಸನದ ಹಾಸ್ಟೆಲ್‌ಗೂ ಗೊತ್ತು.